ಬೇಸಿಗೆ ಹೆಣಿಗೆಗೆ ಲಿನನ್ ಮಿಶ್ರ ನೂಲು: ಆರಿಸುವುದು ಹೇಗೆ, ಒರೆಗೆ ಹಚ್ಚುವುದು ಹೇಗೆ

ನನ್ನ ಮೊದಲ ಲಿನನ್ ಟಾಪ್ ಹೆಣೆದು ಮುಗಿಸಿದಾಗ ಸೊಂಟದಿಂದ ನಾಲ್ಕು ಬೆರಳು ಕೆಳಗೆ ಬರುತ್ತಿತ್ತು. ಒಗೆದು, ಹ್ಯಾಂಗರಿಗೆ ಹಾಕಿ, ಬಾಲ್ಕನಿಯಲ್ಲಿ ತೂಗುಹಾಕಿದೆ. ಸಂಜೆ ತೆಗೆದು ಹಾಕಿಕೊಂಡರೆ ತೊಡೆಯ ಅರ್ಧಕ್ಕೆ ಇಳಿದಿತ್ತು! ಧಾರವಾಡದಿಂದ ಬಂದಿದ್ದ ಅವ್ವ ನೋಡಿ, "ಝಂಪರ್ ಹೆಣಿತೀನಿ ಅಂತ ಹೇಳಿ ನೈಟಿ ಹೆಣದೀಯಲ್ಲ" ಎಂದು ನಕ್ಕಳು.

ಹೆಣಿಗೆಯಲ್ಲಿ ತಪ್ಪಿರಲಿಲ್ಲ. ನೂಲು ಆರಿಸುವಾಗಲೇ ಎಡವಿದ್ದೆ. ಶೇ. 30 ಲಿನನ್, ಶೇ. 70 ವಿಸ್ಕೋಸ್. ಮುಟ್ಟಿದರೆ ತಣ್ಣಗೆ, ರೇಷ್ಮೆಯ ಹಾಗೆ ಜಾರುತ್ತಿತ್ತು. ಸುಮ್ನೆ ಕೊಂಡುಬಿಟ್ಟೆ. ಲಿನನ್ ಹೆಣಿಗೆ ಒಮ್ಮೆ ಇಳಿದರೆ ಮೇಲೇರುವುದಿಲ್ಲ. ವಿಸ್ಕೋಸ್ ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಇಬ್ಬರು ಸೋಮಾರಿಗಳನ್ನು ಒಂದೇ ಕೆಲಸಕ್ಕೆ ಹಚ್ಚಿದ ಹಾಗಾಯಿತು.

ಆಮೇಲೆ ಗೊತ್ತಾಗಿದ್ದು ಇಷ್ಟೇ. ಲೇಬಲ್ ಮೇಲೆ "ಲಿನನ್" ಅಂತ ಇದೆಯಾ ಅಂತ ನೋಡಿದರೆ ಸಾಲದು. ಅದರ ಜೊತೆಗಾರ ಯಾರು, ಆ ಜೋಡಿ ಒಗೆದ ಮೇಲೆ ಏನಾಗುತ್ತದೆ, ಅದನ್ನು ನೋಡಬೇಕು.

ಮೊದಲು ಅಗಸೆ ನಾರಿನ ಗುಣ ತಿಳಿಯಿರಿ

ಲಿನನ್ ಅಂದರೆ ಅಗಸೆ ಗಿಡದ ಕಾಂಡದಿಂದ ತೆಗೆದ ನಾರು. ಹೌದು, ನಾವು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸೆ. ತಳಿ ಮಾತ್ರ ಬೇರೆ. ನಮ್ಮ ಕಡೆ ಬೆಳೆಯುವುದು ಕಾಳಿಗಾಗಿ. ಆ ಗಿಡ ಗಿಡ್ಡ, ಕವಲು ಜಾಸ್ತಿ. ನೂಲಿನ ಅಗಸೆ ಸುಮಾರು 1 ಮೀಟರ್ ಎತ್ತರ ನೆಟ್ಟಗೆ ಬೆಳೆದು ತುದಿಯಲ್ಲಷ್ಟೇ ಕವಲೊಡೆಯುತ್ತದೆ. ಫ್ರಾನ್ಸಿನ ಉತ್ತರ ಭಾಗ, ಬೆಲ್ಜಿಯಂ, ನೆದರ್ಲೆಂಡ್ಸ್ ಅದಕ್ಕೆ ಹೆಸರಾದ ಸೀಮೆಗಳು. ಕಿತ್ತ ಗಿಡವನ್ನು ಹೊಲದಲ್ಲೇ ಹರಡಿ ಇಬ್ಬನಿಗೆ ಬಿಡುತ್ತಾರೆ. ಕಾಂಡದೊಳಗಿನ ಅಂಟು ಕೊಳೆತು ನಾರು ಬಿಡುತ್ತದೆ. ಪುಂಡಿ ಕಟ್ಟನ್ನು ನೀರಲ್ಲಿ ನೆನೆಹಾಕಿ ನಾರು ಸುಲಿಯುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಬೇಸಿಗೆಗೆ ಇದು ಯಾಕೆ ಒಳ್ಳೆಯದು? ಸಾಮಾನ್ಯ ಹವೆಯಲ್ಲಿ ಲಿನನ್ ತನ್ನ ಒಣ ತೂಕದ ಶೇ. 12ರಷ್ಟು ತೇವ ಹಿಡಿದಿಡುತ್ತದೆ. ಹತ್ತಿ ಶೇ. 8ರ ಆಸುಪಾಸು. ಪಾಲಿಯೆಸ್ಟರ್ ಶೇ. 0.5 ಕೂಡ ಇಲ್ಲ. ಜೊತೆಗೆ ಲಿನನ್ ನಾರು ಒದ್ದೆಯಾದಾಗ ಇನ್ನೂ ಗಟ್ಟಿ. ದಿನಾ ಬೆವರಿಗೆ ಒಗೆಯಬೇಕಾದ ಬಟ್ಟೆಗೆ ಇನ್ನೇನು ಬೇಕು ಹೇಳಿ.

ತೊಂದರೆ ಇರುವುದು ಎಳೆತದಲ್ಲಿ. ಲಿನನ್ ನಾರು ಶೇ. 2-3ರಷ್ಟು ಉದ್ದವಾಗುವಷ್ಟರಲ್ಲಿ ಕಡಿದುಹೋಗುತ್ತದೆ. ಹಾಗಾದರೆ ನನ್ನ ಟಾಪ್ ಅಷ್ಟುದ್ದ ಆಗಿದ್ದು ಹೇಗೆ? ನೂಲು ಉದ್ದ ಆಗಲಿಲ್ಲ, ಕುಣಿಕೆಯ ಆಕಾರ ಬದಲಾಯಿತು. ದುಂಡಗಿದ್ದ ಕುಣಿಕೆ ಭಾರಕ್ಕೆ ಜಗ್ಗಿ ಸಪೂರ ಆಯಿತು. ಉಣ್ಣೆಯಾದರೆ ಅದರ ಸುರುಳಿ ಕುಣಿಕೆಯನ್ನು ಮತ್ತೆ ಮೇಲಕ್ಕೆಳೆಯುತ್ತದೆ. ಲಿನನ್‌ಗೆ ಆ ಸ್ಪ್ರಿಂಗ್ ಇಲ್ಲ. ಅದಕ್ಕೇ ಲಿನನ್ ಬಟ್ಟೆ ಉದ್ದ ಆಗುವಾಗ ಅಗಲ ಕಡಿಮೆಯೂ ಆಗುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಹಂತ 1: ಏನು ಹೆಣೆಯುತ್ತೀರಿ, ಎಲ್ಲಿ ಹಾಕುತ್ತೀರಿ

ನೂಲು ಕೊಂಡು ಆಮೇಲೆ ಏನು ಹೆಣೆಯಲಿ ಅಂತ ಯೋಚಿಸುವುದು ನಮ್ಮೆಲ್ಲರ ಚಟ. ಉಣ್ಣೆಯಲ್ಲಿ ನಡೆಯುತ್ತದೆ. ಲಿನನ್‌ನಲ್ಲಿ ದುಬಾರಿ ಬೀಳುತ್ತದೆ.

ಮೈಗೆ ಬಿಗಿಯಾಗಿ ಕೂರಬೇಕಾದ ಟಾಪ್, ರಿಬ್ (ಹಿಗ್ಗಿ ಕುಗ್ಗುವ ಗೆರೆ ಹೆಣಿಗೆ) ಹಾಕಿದ ಸೊಂಟಪಟ್ಟಿ, ಕಾಲುಚೀಲ, ಇವಕ್ಕೆಲ್ಲ ಲಿನನ್ ಬೇಡ. ಒಂದು ಸೀದಾ ಒಂದು ಉಲ್ಟಾ ಅಂತ ಹೆಣೆದ ರಿಬ್ ಲಿನನ್‌ನಲ್ಲಿ ಎರಡೇ ದಿನಕ್ಕೆ ಬಾಯಿ ಬಿಡುತ್ತದೆ. ಸಡಿಲವಾದ ಚೌಕ ಟಾಪ್, ತೆರೆದ ಮುಂಭಾಗದ ಶ್ರಗ್, ಶಾಲು, ತರಕಾರಿ ಚೀಲ, ಮುಖ ಒರೆಸುವ ಬಟ್ಟೆ, ಇವು ಲಿನನ್‌ಗೆ ಹೇಳಿ ಮಾಡಿಸಿದ್ದು.

ಊರೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿಯ ಒಣ ಬಿಸಿಲಿಗೆ ಹತ್ತಿ-ಲಿನನ್ ಸಾಕು, ಒಗೆದದ್ದು ಬೇಗ ಒಣಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಹತ್ತಿ ಜಾಸ್ತಿ ಇರುವ ದಪ್ಪ ನೂಲು ಬೇಗ ಒಣಗುವುದೇ ಇಲ್ಲ. ಅಲ್ಲಿಗೆ ತೆಳು ನೂಲು, ಜಾಲರಿ ಹೆಣಿಗೆ, ಲಿನನ್ ಪಾಲು ಜಾಸ್ತಿ. ಇಡೀ ದಿನ ಎಸಿಯಲ್ಲಿ ಕೂರುವ ಬೆಂಗಳೂರಿನವರ ಕಥೆಯೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಹಂತ 2: ಜೊತೆಗಾರ ಯಾರು ನೋಡಿ

*ಹತ್ತಿ.* ಮೊದಲ ಸಲ ಲಿನನ್ ಹಿಡಿಯುವವರಿಗೆ ನಾನು ಹೇಳುವುದು ಇದನ್ನೇ. ಲಿನನ್ ಶೇ. 30ರಿಂದ 50, ಉಳಿದದ್ದು ಹತ್ತಿ. ಹತ್ತಿ ನೂಲನ್ನು ಮೆದು ಮಾಡುತ್ತದೆ, ಕುಣಿಕೆಗಳು ಒಂದೇ ಸಮ ಬರುತ್ತವೆ, ಕೈ ನೋಯುವುದಿಲ್ಲ. ಲಿನನ್ ಬಟ್ಟೆಗೆ ಒಂದು ಗರಿಗರಿ ಕೊಡುತ್ತದೆ. ಆದರೆ ಹತ್ತಿಗೂ ಸ್ಪ್ರಿಂಗ್ ಇಲ್ಲ, ಭಾರವೂ ಹೌದು. ಸ್ವಲ್ಪ ಇಳಿಯುತ್ತದೆ ಅಂತ ಲೆಕ್ಕ ಹಾಕಿಯೇ ಹೆಣೆಯಬೇಕು. ಉದಾಹರಣೆಗೆ ನಾರ್ವೆಯ ಡ್ರಾಪ್ಸ್ ಕಂಪನಿಯ ಬೊಮುಲ್-ಲಿನ್‌ನಲ್ಲಿ ಹತ್ತಿ ಶೇ. 53, ಲಿನನ್ ಶೇ. 47. ಅಮೆರಿಕದಲ್ಲಿರುವವರಿಗೆ ಪರಿಚಯವಿರುವ ನಿಟ್ ಪಿಕ್ಸ್‌ನ ಕಾಟ್‌ಲಿನ್‌ನಲ್ಲಿ ಹತ್ತಿ 70, ಲಿನನ್ 30.

*ವಿಸ್ಕೋಸ್.* ಮರದ ತಿರುಳಿನಿಂದ ಮಾಡಿದ ನಾರು. "ಬಿದಿರು ನೂಲು" ಅಂತ ಮಾರುವುದೂ ಬಹುಪಾಲು ಇದೇ, ಮರದ ಬದಲು ಬಿದಿರಿನ ತಿರುಳು ಅಷ್ಟೇ. ಹೊಳಪು ಚೆನ್ನಾಗಿರುತ್ತದೆ, ಬಟ್ಟೆ ನೀರಿನ ಹಾಗೆ ಇಳಿಬೀಳುತ್ತದೆ. ಆ ಇಳಿಬೀಳುವ ಗುಣವೇ ಟಾಪಿಗೆ ಶತ್ರು. ಇನ್ನೊಂದು ವಿಷಯ, ಲಿನನ್ ಒದ್ದೆಯಾದಾಗ ಗಟ್ಟಿಯಾದರೆ ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹಿಂಡಲೇಬಾರದು. ಶಾಲಿಗೆ ಎಷ್ಟಿದ್ದರೂ ಸರಿ. ಟಾಪಿಗಾದರೆ ನಾನು ಮೂರನೇ ಒಂದು ಪಾಲಿನ ಮೇಲೆ ಹೋಗುವುದಿಲ್ಲ, ಅದೂ ಹತ್ತಿ ಜೊತೆಗಿದ್ದರೆ ಮಾತ್ರ. ಡ್ರಾಪ್ಸ್‌ನದ್ದೇ ಬೆಲ್ ಎಂಬ ನೂಲಿನ ಲೆಕ್ಕ ಹಾಗಿದೆ: ಹತ್ತಿ 53, ವಿಸ್ಕೋಸ್ 33, ಲಿನನ್ 14. ಇಷ್ಟು ಕಡಿಮೆ ಲಿನನ್ ಇದ್ದರೆ ಅದು ಲಿನನ್ ಬಟ್ಟೆ ಅಲ್ಲ, ಲಿನನ್ ಒಗ್ಗರಣೆ ಬಿದ್ದ ಹತ್ತಿ. ತಪ್ಪೇನಿಲ್ಲ, ಗೊತ್ತಿದ್ದು ಕೊಂಡರಾಯಿತು.

ಅಂದಹಾಗೆ ನನ್ನ ನೈಟಿ ಟಾಪನ್ನು ಬಿಚ್ಚಿ ಸ್ಟೋಲ್ ಹೆಣೆದೆ. ಅದು ಎಷ್ಟು ಉದ್ದವಾದರೂ ಯಾರೂ ಕೇಳುವುದಿಲ್ಲ.

*ಉಣ್ಣೆ.* ಬೇಸಿಗೆಗೆ ಉಣ್ಣೆಯಾ ಅಂತ ಹುಬ್ಬೇರಿಸಬೇಡಿ. ಲಿನನ್‌ಗೆ ಇಲ್ಲದ ಸ್ಪ್ರಿಂಗ್ ಕೊಡುವುದು ಇದೇ. ಎಸಿ ಆಫೀಸು, ಮಡಿಕೇರಿಯ ಸಂಜೆ, ರಾತ್ರಿ ರೈಲಿನ ಎಸಿ ಬೋಗಿ, ಇವಕ್ಕೆ ಉಣ್ಣೆ-ಲಿನನ್ ಕಾರ್ಡಿಗನ್‌ಗಿಂತ ಒಳ್ಳೆಯದು ನಾನು ಕಂಡಿಲ್ಲ. ಲಂಡನ್ನಿನಲ್ಲೋ ಸಿಯಾಟಲ್‌ನಲ್ಲೋ ಇರುವವರಿಗೂ ಅಲ್ಲಿಯ ಬೇಸಿಗೆಗೆ ಇದು ಸರಿಹೋಗುತ್ತದೆ. ಕೈಯಲ್ಲೇ ಒಗೆಯಬೇಕು. ರಾಯಚೂರಿನ ಮಧ್ಯಾಹ್ನಕ್ಕೆ ಖಂಡಿತ ಬೇಡ.

*ರೇಷ್ಮೆ.* ಚೆಂದ, ದುಬಾರಿ, ಬೆವರು ತಾಗಿದರೆ ಕಲೆ. ಮದುವೆ ಮನೆಗೆ ಶಾಲು ಹೆಣೆಯುವುದಾದರೆ ಕೊಳ್ಳಿ.

*ಅಕ್ರಿಲಿಕ್, ಪಾಲಿಯೆಸ್ಟರ್.* ನಮ್ಮ ಉಲ್ಲನ್ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದು ಅಕ್ರಿಲಿಕ್ಕೇ. ಲಿನನ್ ಜೊತೆ ಇವು ಬೆರೆತರೆ ಬೆಲೆ ಇಳಿಯುತ್ತದೆ, ಬೆವರು ಹೀರುವ ಗುಣವೂ ಇಳಿಯುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ಇದ್ದರೆ ಲಿನನ್‌ಗೆ ಕೊಟ್ಟ ದುಡ್ಡು ದಂಡ. ಶೇ. 5-10 ನೈಲಾನ್ ಇದ್ದರೆ ಮಾತ್ರ ಹೆದರಬೇಡಿ, ಅದು ಗಟ್ಟಿತನಕ್ಕೆ ಹಾಕಿದ್ದು. "ಲಿನನ್ ಲುಕ್", "ಲಿನನ್ ಫೀಲ್" ಅಂತ ಬರೆದಿದ್ದರೆ ಲೇಬಲ್ ತಿರುಗಿಸಿ ಓದಿ. ಎಷ್ಟೋ ಸಲ ಒಳಗೆ ಲಿನನ್ ಒಂದೆಳೆಯೂ ಇರುವುದಿಲ್ಲ.

ಹಂತ 3: ತೂಕ ಬಿಡಿ, ಮೀಟರ್ ಓದಿ

ಲಿನನ್ ಮತ್ತು ಹತ್ತಿ ನಾರು ಉಣ್ಣೆಗಿಂತ, ಅಕ್ರಿಲಿಕ್‌ಗಿಂತ ಭಾರ. ಅದೇ ದಪ್ಪದ 50 ಗ್ರಾಂ ಉಂಡೆಯಲ್ಲಿ ಅಕ್ರಿಲಿಕ್‌ಗಿಂತ ಕಡಿಮೆ ಮೀಟರ್ ಬರುತ್ತದೆ. "ಸ್ವೆಟರಿಗೆ 400 ಗ್ರಾಂ ಸಾಕಾಗಿತ್ತು, ಇದಕ್ಕೂ ಅಷ್ಟೇ ತರೋಣ" ಅಂತ ಹೋದರೆ ತೋಳು ಅರ್ಧಕ್ಕೆ ನಿಲ್ಲುತ್ತದೆ.

ದಪ್ಪದ ಅಂದಾಜೂ ಮೀಟರಿನಲ್ಲೇ ಸಿಗುತ್ತದೆ. ಮೇಲೆ ಹೇಳಿದ ಬೆಲ್ 50 ಗ್ರಾಂಗೆ 120 ಮೀಟರ್, ಅಂದರೆ ಡಿಕೆ ಅನ್ನುವ ನಡುವಿನ ದಪ್ಪ. ಬೊಮುಲ್-ಲಿನ್ 50 ಗ್ರಾಂಗೆ 85 ಮೀಟರ್, ಇನ್ನೂ ದಪ್ಪ. ನಮ್ಮ ಬೇಸಿಗೆಗೆ ಮೈಮೇಲೆ ಹಾಕುವುದಕ್ಕೆ 120ಕ್ಕಿಂತ ಕೆಳಗಿನದು ನನಗೆ ಭಾರ ಅನಿಸುತ್ತದೆ. ಚೀಲಕ್ಕೆ, ಟೇಬಲ್ ಮ್ಯಾಟಿಗೆ ಆದರೆ ದಪ್ಪವೇ ಒಳ್ಳೆಯದು. ಡಿಕೆಗಿಂತ ತೆಳುವಾದ ಫಿಂಗರಿಂಗ್ ಅಥವಾ ಸ್ಪೋರ್ಟ್ ದಪ್ಪ ಸಿಕ್ಕರೆ ಬಿಡಬೇಡಿ. ಹೆಣೆಯಲು ಎರಡು ವಾರ ಜಾಸ್ತಿ ಹಿಡಿಯಬಹುದು, ಹಾಕಿಕೊಂಡಾಗ ವ್ಯತ್ಯಾಸ ಗೊತ್ತಾಗುತ್ತದೆ.

ಡೈ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ನೂಲಿನ ಗುರುತು) ಎಲ್ಲ ಉಂಡೆಗೂ ಒಂದೇ ಇರಲಿ. ಇದು ನಿಮಗೆ ಗೊತ್ತೇ ಇದೆ.

ಹಂತ 4: ಕೈಗೆ ಬಂದ ಮೇಲೆ ನಾಲ್ಕು ಪರೀಕ್ಷೆ

ಆನ್‌ಲೈನ್‌ನಲ್ಲಿ ತರಿಸುವುದಾದರೆ ಮೊದಲು ಒಂದೇ ಉಂಡೆ ತರಿಸಿ. ಆಮೇಲೆ ಇವನ್ನು ಮಾಡಿ.

ಕುತ್ತಿಗೆ ಪರೀಕ್ಷೆ: ಒಂದು ಮಾರು ನೂಲನ್ನು ಸುರುಳಿ ಸುತ್ತಿ, ಬಟ್ಟೆಯ ಕಾಲರಿನೊಳಗೆ ಸಿಕ್ಕಿಸಿಕೊಂಡು ಹತ್ತು ನಿಮಿಷ ಅಡುಗೆಮನೆಯಲ್ಲಿ ಕೆಲಸ ಮಾಡಿ. ಬೆರಳಿಗೆ ಒರಟು ಅನಿಸಿದ್ದು ಕುತ್ತಿಗೆಗೆ ಏನೂ ಅನಿಸದೇ ಇರಬಹುದು. ಲಿನನ್ ಒಗೆದಷ್ಟೂ ಮೆತ್ತಗಾಗುತ್ತದೆ, ಹಾಗಾಗಿ ಸ್ವಲ್ಪ ಒರಟಿಗೆ ಮಾಫಿ. ಚುಚ್ಚಿದರೆ ಬೇಡ.

ಹುರಿ ಪರೀಕ್ಷೆ: ಒಂದು ಮೊಳ ನೂಲನ್ನು ಒದ್ದೆ ಮಾಡಿ, ಎರಡು ತುದಿ ಒಟ್ಟಿಗೆ ಹಿಡಿದು ಜೋತುಬಿಡಿ. ಸುಮ್ಮನೆ ಉಯ್ಯಾಲೆಯ ಹಾಗೆ ನಿಂತರೆ ಹುರಿ ಸಮ ಇದೆ. ತನ್ನಷ್ಟಕ್ಕೇ ಗಿರಗಿರ ಸುತ್ತಿ ಹಗ್ಗವಾದರೆ ಹುರಿ ಜಾಸ್ತಿ. ಅಂಥ ನೂಲಲ್ಲಿ, ಅದರಲ್ಲೂ ಒಂದೇ ಎಳೆಯದ್ದರಲ್ಲಿ, ಬರೀ ಸೀದಾ ಮೈ ಹೆಣೆದರೆ ಬಟ್ಟೆ ಓರೆಯಾಗಿ ಪಕ್ಕದ ಹೊಲಿಗೆ ಹೊಟ್ಟೆ ಮೇಲೆ ಬರುತ್ತದೆ. ಎರಡು-ಮೂರೆಳೆ ಸೇರಿಸಿ ಹುರಿ ಮಾಡಿದ್ದು ಅಥವಾ ಸರಪಳಿಯ ಹಾಗೆ ಹೆಣೆದ ನೂಲು ಇದ್ದರೆ ಈ ತಲೆನೋವು ಕಡಿಮೆ.

ಬೆಂಕಿ ಪರೀಕ್ಷೆ: ಲೇಬಲ್ ಇಲ್ಲದ ನೂಲಿಗೆ ಮಾತ್ರ. ಎರಡಂಗುಲ ತುಂಡನ್ನು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ, ಸ್ಟೀಲ್ ತಟ್ಟೆ ಇಟ್ಟುಕೊಂಡು ಸುಡಿ. ಕಾಗದ ಸುಟ್ಟ ವಾಸನೆ, ಮೆದು ಬೂದಿ ಬಂದರೆ ಗಿಡದ ನಾರು. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ. ಕರಗಿ ಗಟ್ಟಿ ಮಣಿ ಕಟ್ಟಿದರೆ ಪ್ಲಾಸ್ಟಿಕ್ ನಾರು ಸೇರಿದೆ. ಲಿನನ್, ಹತ್ತಿ, ವಿಸ್ಕೋಸ್ ಮೂರೂ ಕಾಗದದ ಹಾಗೇ ಉರಿಯುತ್ತವೆ. ಹಾಗಾಗಿ ಬೆಂಕಿ ನಿಮಗೆ "ಇದು ಲಿನನ್" ಅಂತ ಸರ್ಟಿಫಿಕೇಟ್ ಕೊಡುವುದಿಲ್ಲ. ಅಕ್ರಿಲಿಕ್ ಕಳ್ಳನನ್ನು ಹಿಡಿದುಕೊಡುತ್ತದೆ ಅಷ್ಟೇ.

ಬಣ್ಣದ ಪರೀಕ್ಷೆ: ಕೆಂಪು, ಕಡುನೀಲಿ ಇದ್ದರೆ ಒದ್ದೆ ನೂಲನ್ನು ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ.

ಹಂತ 5: ಸ್ಯಾಂಪಲ್ ಹೆಣೆಯಿರಿ, ಒಗೆಯಿರಿ, ನೇತುಹಾಕಿ

ಈ ಇಡೀ ಬರಹದಲ್ಲಿ ಒಂದೇ ಒಂದು ಹಂತ ಮಾಡುವುದಾದರೆ ಇದನ್ನು ಮಾಡಿ. ಹೆಣೆದ ತಕ್ಷಣದ ಅಳತೆ ಲಿನನ್‌ನಲ್ಲಿ ಸುಳ್ಳು ಅಳತೆ.

ಕನಿಷ್ಠ 15 ಸೆಂ.ಮೀ. ಚೌಕದ ತುಂಡು ಹೆಣೆಯಿರಿ. ನೀವು ಟಾಪಿಗೆ ಬಳಸುವ ಅದೇ ಕಡ್ಡಿ, ಅದೇ ವಿನ್ಯಾಸ. ಕುಣಿಕೆಗಳು ಹಲ್ಲು ಸೊಟ್ಟಗಿದ್ದ ಹಾಗೆ ಕಂಡರೆ ಗಾಬರಿ ಬೇಡ, ಒಗೆದ ಮೇಲೆ ಎಷ್ಟೋ ಸರಿಹೋಗುತ್ತದೆ. 10 ಸೆಂ.ಮೀ.ಗೆ ಎಷ್ಟು ಕುಣಿಕೆ, ಎಷ್ಟು ಸಾಲು ಬರೆದಿಟ್ಟುಕೊಳ್ಳಿ. ಈಗ ಟಾಪನ್ನು ಹೇಗೆ ಒಗೆಯುತ್ತೀರೋ ಹಾಗೇ ಒಗೆಯಿರಿ. ಮೆಷಿನ್ನಿಗೆ ಹಾಕುವವರು ಸ್ಯಾಂಪಲ್ಲನ್ನೂ ಮೆಷಿನ್ನಿಗೇ ಹಾಕಿ. ಸ್ಯಾಂಪಲ್‌ಗೆ ರಾಜೋಪಚಾರ ಮಾಡಿ ಟಾಪನ್ನು ಮೆಷಿನ್ನಿಗೆ ಎಸೆದರೆ ಲೆಕ್ಕ ತಪ್ಪುತ್ತದೆ.

ಆಮೇಲೆ ಭಾರ ಕಟ್ಟಿ ನೇತುಹಾಕಬೇಕು. ಎಷ್ಟು ಭಾರ? ಟಾಪ್ 400 ಗ್ರಾಂ ಆಗುತ್ತದೆ, ಸುತ್ತಳತೆ 100 ಸೆಂ.ಮೀ. ಅಂದುಕೊಳ್ಳಿ. ಅಗಲದ ಒಂದೊಂದು ಸೆಂ.ಮೀ. ಮೇಲೂ ಸುಮಾರು 4 ಗ್ರಾಂ ಬೀಳುತ್ತದೆ. 15 ಸೆಂ.ಮೀ. ಅಗಲದ ಸ್ಯಾಂಪಲ್‌ಗೆ 60 ಗ್ರಾಂ. ನಾನು ಕೆಳಗಿನ ಅಂಚಿಗೆ ಬಟ್ಟೆ ಕ್ಲಿಪ್ ಹಾಕಿ, ಕ್ಲಿಪ್ಪಿಗೆ ಸ್ಟೀಲ್ ಚಮಚ ದಾರದಲ್ಲಿ ಕಟ್ಟುತ್ತೇನೆ. ಅಡುಗೆಮನೆಯ ತಕ್ಕಡಿಯಲ್ಲಿ ಎಲ್ಲ ಸೇರಿ 60 ಬಂದರೆ ಆಯಿತು. ಒಂದು ಹಗಲು ಒಂದು ರಾತ್ರಿ ಹಾಗೇ ಇರಲಿ. ನೇತಾಡುತ್ತಿರುವಾಗಲೇ ಅಳೆಯಿರಿ.

ನನ್ನದೊಂದು ಹತ್ತಿ-ಲಿನನ್ ಸ್ಯಾಂಪಲ್ ಕಥೆ ಕೇಳಿ. ಒಗೆಯುವ ಮುಂಚೆ 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು. ನೇತುಹಾಕಿದ ಮೇಲೆ 23 ಕುಣಿಕೆ, 27 ಸಾಲು. ಕಾಗದದ ಮೇಲೆ ಸಣ್ಣ ವ್ಯತ್ಯಾಸ ಅಲ್ವಾ? ಟಾಪಿಗೆ ಗುಣಿಸಿ ನೋಡೋಣ. 55 ಸೆಂ.ಮೀ. ಉದ್ದಕ್ಕೆ ಹಳೇ ಲೆಕ್ಕದಲ್ಲಿ 165 ಸಾಲು. ಹೊಸ ಅಳತೆಯಲ್ಲಿ ಅದೇ 165 ಸಾಲು 61 ಸೆಂ.ಮೀ. ಆಗುತ್ತದೆ. 100 ಸೆಂ.ಮೀ. ಸುತ್ತಳತೆಗೆ 220 ಕುಣಿಕೆ ಹಾಕಿದ್ದರೆ ಅದು 96ಕ್ಕೆ ಕುಗ್ಗುತ್ತದೆ. ಆರು ಸೆಂ.ಮೀ. ಉದ್ದ, ನಾಲ್ಕು ಸೆಂ.ಮೀ. ಬಿಗಿ! ಹಾಗಾಗಿ 230 ಕುಣಿಕೆ ಹಾಕಿ, 148 ಸಾಲಿಗೆ ನಿಲ್ಲಿಸಿದೆ. ಹೆಣೆಯುವಾಗ ಗಿಡ್ಡ ಅನಿಸಿತು. ಕೈ ತಡೆಯದೆ ಇನ್ನು ನಾಲ್ಕು ಸಾಲು ಹೆಣೆದು ಮತ್ತೆ ಬಿಚ್ಚಿದೆ, ಅದು ಬೇರೆ ಮಾತು.

ಸ್ಯಾಂಪಲ್ ಶೇ. 15ಕ್ಕಿಂತ ಜಾಸ್ತಿ ಉದ್ದವಾದರೆ ಆ ನೂಲು ಟಾಪಿಗೆ ಬೇಡ. ಕಡ್ಡಿ ಅರ್ಧ ಮಿ.ಮೀ. ಸಣ್ಣದು ಮಾಡಿ ಇನ್ನೊಮ್ಮೆ ನೋಡಬಹುದು, ಆದರೆ ತೀರಾ ಬಿಗಿ ಹೆಣೆದರೆ ಬಟ್ಟೆ ರಟ್ಟಾಗುತ್ತದೆ.

ಹಂತ 6: ಎಷ್ಟು ಉಂಡೆ ತರಬೇಕು

ಅದೇ ಸ್ಯಾಂಪಲ್ಲನ್ನು ತೂಗಿ. 15 ಸೆಂ.ಮೀ. ಚೌಕ ಅಂದರೆ 225 ಚದರ ಸೆಂ.ಮೀ. ತೂಕ 14 ಗ್ರಾಂ ಬಂತು ಅನ್ನಿ. ಟಾಪಿನ ಮುಂದು, ಹಿಂದು, ಗಿಡ್ಡ ತೋಳು ಎಲ್ಲ ಸೇರಿ ಸುಮಾರು 6,400 ಚದರ ಸೆಂ.ಮೀ. 6,400ನ್ನು 225ರಿಂದ ಭಾಗಿಸಿ 14ರಿಂದ ಗುಣಿಸಿದರೆ 398 ಗ್ರಾಂ. ಅಂದರೆ 50 ಗ್ರಾಂನ 8 ಉಂಡೆ. ನೀವು 9 ತನ್ನಿ. ಕೊನೆಯ ತೋಳಿಗೆ ಬೇರೆ ಲಾಟ್ ಹುಡುಕುವ ಸಂಕಟ ಯಾರಿಗೂ ಬೇಡ.

ಹೆಣೆಯಲು ಕೂತಾಗ

ಲಿನನ್ ಜಾರುತ್ತದೆ. ಸ್ಟೀಲ್ ಕಡ್ಡಿಯಲ್ಲಿ ಕುಣಿಕೆಗಳು ತಾವಾಗಿ ಓಡಿಹೋಗುತ್ತವೆ, ಬಿದಿರಿನದೋ ಮರದ್ದೋ ಹಿಡಿಯಿರಿ. ನಮ್ಮ ದೇಶದ್ದೇ ಆದ ಪೋನಿ, ನಿಟ್‌ಪ್ರೋ ಎರಡೂ ಬ್ರ್ಯಾಂಡಿನಲ್ಲಿ ಸಿಗುತ್ತವೆ. ಲಡಿಯಲ್ಲಿ ಬಂದ ನೂಲನ್ನು ಯಾರಾದರೂ ಕೈಗೆ ಹಾಕಿಕೊಂಡು ಕೂರಲಿ, ನೀವು ಉಂಡೆ ಸುತ್ತಿ. ಒಳಗಿಂದ ಎಳೆದು ಹೆಣೆಯುವ ಉಂಡೆ ಬೇಡ, ಅರ್ಧ ಆಗುವಷ್ಟರಲ್ಲಿ ಕುಸಿದು ಗೋಜಲಾಗುತ್ತದೆ. ಉಂಡೆಯನ್ನು ಒಂದು ಡಬ್ಬಿಯಲ್ಲಿಟ್ಟು ಹೊರಗಿನಿಂದ ಎಳೆಯಿರಿ.

ಭುಜದ ಜೋಡಣೆಯಲ್ಲಿ ಇಡೀ ಟಾಪಿನ ಭಾರ ನಿಲ್ಲುತ್ತದೆ. ಹೊಲಿಗೆಯೇ ಇಲ್ಲದೆ ಮೇಲಿಂದ ಕೆಳಕ್ಕೆ ಹೆಣೆಯುವ ವಿನ್ಯಾಸ ಲಿನನ್‌ಗೆ ನನಗಿಷ್ಟವಿಲ್ಲ. ತುಂಡುಗಳಾಗಿ ಹೆಣೆದು ಹೊಲಿದರೆ ಹೊಲಿಗೆಯೇ ಬೆನ್ನೆಲುಬಾಗುತ್ತದೆ. ಭುಜದ ಒಳಗಡೆ ತೆಳು ಹತ್ತಿ ಪಟ್ಟಿ ಒಂದು ಹೊಲಿದರೆ ಇನ್ನೂ ಭದ್ರ.

ನೂಲಿನ ಕೊನೆಗಳನ್ನು ಸಾಲಿನ ನಡುವೆ ಜೋಡಿಸಬೇಡಿ. ಉಣ್ಣೆಯ ಹಾಗೆ ಒದ್ದೆ ಮಾಡಿ ಉಜ್ಜಿದರೆ ಲಿನನ್ ಕೂಡಿಕೊಳ್ಳುವುದಿಲ್ಲ. ಹೊಸ ಉಂಡೆಯನ್ನು ಅಂಚಿನಲ್ಲೇ ಶುರುಮಾಡಿ, ಒಂದು ಗೇಣು ಬಾಲ ಬಿಟ್ಟು, ಕೊನೆಗೆ ಹೊಲಿಗೆಯೊಳಗೆ ಹಿಂದೆ ಮುಂದೆ ಎರಡು ಸಲ ಸೇರಿಸಿ. ಒಗೆದು ಒಣಗಿದ ಮೇಲೆ ಬಾಲ ಕತ್ತರಿಸಿ, ಮುಂಚೆ ಅಲ್ಲ. ಟಾಪನ್ನು ಒಣಗಿಸುವಾಗ ಹ್ಯಾಂಗರ್ ಮುಟ್ಟಬೇಡಿ. ಹಳೇ ಟವೆಲ್ ಹಾಸಿ, ನೆರಳಲ್ಲಿ, ಚಪ್ಪಟೆಯಾಗಿ ಹರಡಿ. ಇನ್ನೂ ಸ್ವಲ್ಪ ಒದ್ದೆ ಇರುವಾಗ ಮೇಲೆ ತೆಳು ಬಟ್ಟೆ ಹಾಕಿ ಇಸ್ತ್ರಿ ಒತ್ತಿದರೆ ಲಿನನ್‌ನ ಹೊಳಪು ಎದ್ದು ಬರುತ್ತದೆ. ಮಡಚಿ ಕಪಾಟಿನಲ್ಲಿಡಿ.